ಚಳಿಗೆ ಡೀಸೆಲ್ ಗಾಡಿ ಸ್ಟಾರ್ಟ್ ಆಗ್ತಿಲ್ಲವಾ? ಮೇಣವೋ, ಮಂಜುಗಡ್ಡೆಯೋ, ಬ್ಯಾಟರಿಯೋ ಮೊದಲು ಗುರುತಿಸಿ

ಕೊರೆಯುವ ಚಳಿಯಲ್ಲಿ ಡೀಸೆಲ್ ಇಂಜಿನ್ ಹಿಡಿಯದಿದ್ದರೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: "ಡೀಸೆಲ್ ಗಟ್ಟಿಯಾಗಿದೆ." ಆಗಿರಬಹುದು. ಆದರೆ ಅದೇ ಚಳಿಗೆ ಬ್ಯಾಟರಿ ಸೊರಗುತ್ತದೆ, ತಣ್ಣನೆಯ ಸಿಲಿಂಡರನ್ನು ಮೊದಲೇ ಕಾಯಿಸುವ ಗ್ಲೋ ಪ್ಲಗ್ ಕೈಕೊಡುತ್ತದೆ, ಫಿಲ್ಟರಿನ ತಳದಲ್ಲಿದ್ದ ನೀರು ಮಂಜುಗಡ್ಡೆಯಾಗುತ್ತದೆ, ಹಳೆಯ ರಬ್ಬರ್ ಪೈಪ್ ಸೆಟೆದುಕೊಂಡು ಗಾಳಿ ಎಳೆಯುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ: ಗಾಡಿ ಸ್ಟಾರ್ಟ್ ಆಗಲ್ಲ. ಮಾಡಬೇಕಾದ ಕೆಲಸ ಮಾತ್ರ ಬೇರೆ ಬೇರೆ. ಹಾಗಾಗಿ ಟ್ಯಾಂಕಿಗೆ ಏನನ್ನೂ ಸುರಿಯುವ ಮೊದಲು ತೊಂದರೆ ಯಾವುದು ಅಂತ ಗುರುತಿಸಿಕೊಳ್ಳಿ. ಅದಕ್ಕೆ ಬೇಕಾಗುವುದು ಒಂದು ಗಾಜಿನ ಜಾಡಿ, ಸ್ವಲ್ಪ ತಾಳ್ಮೆ. ಅಷ್ಟು ಮಾಡದೆ ಕೈಗೆ ಸಿಕ್ಕ ಬಾಟಲಿ ಸುರಿದು, ಬ್ಯಾಟರಿ ಸಾಯುವ ತನಕ ಸೆಲ್ಫ್ ಹೊಡೆದರೆ ಒಂದು ತೊಂದರೆ ಇದ್ದದ್ದು ಮೂರಾಗುತ್ತದೆ.

ಇಲ್ಲಿ ಹೇಳಿದ್ದು ಕಾರು, ಲಾರಿ, ಟ್ರ್ಯಾಕ್ಟರ್, ಜನರೇಟರ್ ಎಲ್ಲಕ್ಕೂ ಹೊಂದುತ್ತದೆ. ಹಳೆಯ ಮೆಕ್ಯಾನಿಕಲ್ ಪಂಪಿಗೂ ಈಗಿನ ಕಾಮನ್ ರೈಲಿಗೂ (ಎಲ್ಲ ಇಂಜೆಕ್ಟರಿಗೂ ಒಂದೇ ಅತಿ ಒತ್ತಡದ ಪೈಪಿನಿಂದ ಡೀಸೆಲ್ ಕೊಡುವ ವ್ಯವಸ್ಥೆ) ವ್ಯತ್ಯಾಸ ಇರುವ ಕಡೆ ಬೇರೆಯಾಗಿ ಹೇಳುತ್ತೇನೆ.

ಡೀಸೆಲ್ಲಿಗೆ ಚಳಿಯಲ್ಲಿ ಏನಾಗುತ್ತದೆ

ನೀರು ಸೊನ್ನೆ ಡಿಗ್ರಿಗೆ ಗಡ್ಡೆಯಾಗುತ್ತದೆ, ಮುಗಿಯಿತು. ಡೀಸೆಲ್ಲಿಗೆ ಹಾಗೊಂದು ಗೆರೆ ಇಲ್ಲ. ಅದು ನೂರಾರು ಬಗೆಯ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರಲ್ಲಿ ಉದ್ದನೆಯ ನೇರ ಸರಪಳಿಯ ಪ್ಯಾರಫಿನ್‌ಗಳಿವೆ. ಮೇಣದಬತ್ತಿಯ ಮೇಣವೂ ಇದೇ ಜಾತಿ. ಬೆಚ್ಚಗಿದ್ದಾಗ ಡೀಸೆಲ್ಲಿನಲ್ಲಿ ಕರಗಿಯೇ ಇರುತ್ತವೆ. ಚಳಿ ಏರಿದಂತೆ ಉದ್ದ ಸರಪಳಿಯವು ಮೊದಲು ಹರಳಾಗಿ ಹೊರಬರುತ್ತವೆ. ಹಾಗಾದರೆ ರಿಫೈನರಿಯಲ್ಲೇ ತೆಗೆದುಬಿಡಬಹುದಲ್ವಾ ಅಂದರೆ, ಸಿಲಿಂಡರಿನೊಳಗೆ ಚೆನ್ನಾಗಿ ಹೊತ್ತಿಕೊಳ್ಳುವುದೂ ಸೀಟೇನ್ ಸಂಖ್ಯೆ (ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಅನ್ನುವ ಅಳತೆ) ಏರಿಸುವುದೂ ಇವೇ. ಪೂರ್ತಿ ತೆಗೆದರೆ ಇಂಧನ ಸಪ್ಪೆಯಾಗುತ್ತದೆ.

ಬಾಟಲಿಯ ಕೊಬ್ಬರಿ ಎಣ್ಣೆ ಚಳಿಗೆ ಮೊದಲು ಮಸುಕಾಗಿ, ಆಮೇಲೆ ಬಿಳಿ ಕಣ ಕಣವಾಗಿ, ಕೊನೆಗೆ ಕಟ್ಟಿಕೊಳ್ಳುವುದನ್ನು ನೋಡಿರುತ್ತೀರಿ. ಡೀಸೆಲ್ ಹೋಗುವ ದಾರಿಯೂ ಅದೇ. ಆ ದಾರಿಯಲ್ಲಿ ಮೂರು ತಾಪಮಾನಗಳಿಗೆ ಹೆಸರಿದೆ. ಮೊದಲ ಮೇಣದ ಹರಳು ಕಾಣಿಸಿಕೊಂಡು ಡೀಸೆಲ್ ಮಬ್ಬಾಗುವುದು ಕ್ಲೌಡ್ ಪಾಯಿಂಟ್. ಹರಳು ಜಾಸ್ತಿಯಾಗಿ ಜಾಲರಿಯ ಮೂಲಕ ಸಾಗದಂತಾಗುವುದು ಕೋಲ್ಡ್ ಫಿಲ್ಟರ್ ಪ್ಲಗಿಂಗ್ ಪಾಯಿಂಟ್, ಅಂದರೆ ಸಿಎಫ್‌ಪಿಪಿ. ಪಾತ್ರೆ ಓರೆ ಮಾಡಿದರೂ ಹರಿಯದ ಸ್ಥಿತಿಗೆ ಸ್ವಲ್ಪ ಮೇಲಿನದು ಪೋರ್ ಪಾಯಿಂಟ್.

ಸಿಎಫ್‌ಪಿಪಿ ಅಳೆಯುವ ಲ್ಯಾಬ್ ಪರೀಕ್ಷೆ ಸರಳ. ಡೀಸೆಲ್ಲನ್ನು ತಣ್ಣಗೆ ಮಾಡುತ್ತಾ, ಒಂದೊಂದು ಡಿಗ್ರಿ ಇಳಿದಾಗಲೂ 20 ಮಿಲಿಲೀಟರಿನಷ್ಟನ್ನು 45 ಮೈಕ್ರಾನ್ ತಂತಿ ಜಾಲರಿಯ ಮೂಲಕ ಮೇಲಕ್ಕೆ ಎಳೆಯುತ್ತಾರೆ. 60 ಸೆಕೆಂಡಿನೊಳಗೆ ಏರದಿದ್ದರೆ ಅದೇ ಸಿಎಫ್‌ಪಿಪಿ. ನಿಮ್ಮ ಗಾಡಿಯ ಫಿಲ್ಟರ್ ಆ ಜಾಲರಿಗಿಂತ ಎಷ್ಟೋ ಸೂಕ್ಷ್ಮ. ಹಲವು ಫಿಲ್ಟರ್‌ಗಳು 10 ಮೈಕ್ರಾನಿಗಿಂತ ಸಣ್ಣ ಕಣವನ್ನೂ ಹಿಡಿಯುತ್ತವೆ. ಅದಕ್ಕೇ ಟ್ಯಾಂಕಿನಲ್ಲಿ ಡೀಸೆಲ್ ಚೆನ್ನಾಗಿ ಹರಿಯುತ್ತಿದ್ದರೂ ಗಾಡಿ ನಿಲ್ಲುತ್ತದೆ. ಟ್ಯಾಂಕ್ ಪೂರ್ತಿ ಕಟ್ಟಿಕೊಳ್ಳುವವರೆಗೆ ವಿಷಯ ಹೋಗುವುದೇ ಅಪರೂಪ. ಅದಕ್ಕೆ ಎಷ್ಟೋ ಮೊದಲೇ ಫಿಲ್ಟರ್ ಕಟ್ಟಿಕೊಂಡಿರುತ್ತದೆ. ತೊಂದರೆ ಹುಡುಕುವಾಗ ತಲೆಯಲ್ಲಿ ಇಟ್ಟುಕೊಳ್ಳಬೇಕಾದ್ದು ಇಷ್ಟೇ: ಟ್ಯಾಂಕ್ ನೋಡಿ ತೀರ್ಮಾನ ಮಾಡಬೇಡಿ, ಫಿಲ್ಟರ್ ನೋಡಿ.

ಮೊದಲು ಕಿವಿಗೊಡಿ, ಆಮೇಲೆ ಸೈಲೆನ್ಸರ್ ನೋಡಿ

ಕೀ ತಿರುಗಿಸಿ ಇಂಜಿನ್ ತಿರುಗುವ ಸದ್ದು ಕೇಳಿ. ಎಂದಿನ ವೇಗದಲ್ಲಿ ತಿರುಗುತ್ತಿದೆಯಾ? ಎಳೆದೆಳೆದು ತಿರುಗಿದರೆ, ಬರೀ ಟಕ್ ಅಂದರೆ, ಸದ್ಯಕ್ಕೆ ಡೀಸೆಲ್ಲನ್ನು ಮರೆತುಬಿಡಿ. ಮೈನಸ್ 18 ಡಿಗ್ರಿಯಲ್ಲಿ ಲೆಡ್ ಆಸಿಡ್ ಬ್ಯಾಟರಿಯ ಶಕ್ತಿ ಸುಮಾರು ಅರ್ಧಕ್ಕೆ ಬಂದಿರುತ್ತದೆ. ಅತ್ತ ಇಂಜಿನ್ ಆಯಿಲ್ ದಪ್ಪಗಾಗಿ ಇಂಜಿನ್ ತಿರುಗಿಸಲು ಇನ್ನೂ ಜಾಸ್ತಿ ಬಲ ಬೇಕಾಗುತ್ತದೆ. ಡೀಸೆಲ್ ಇಂಜಿನ್ ಹೊತ್ತಿಕೊಳ್ಳುವುದು ಗಾಳಿ ಒತ್ತಿ ಹುಟ್ಟುವ ಶಾಖದಿಂದ. ನಿಧಾನ ತಿರುಗಿದರೆ ಆ ಶಾಖ ತಣ್ಣನೆಯ ಸಿಲಿಂಡರ್ ಗೋಡೆಗೇ ಹೋಗಿಬಿಡುತ್ತದೆ. ಬ್ಯಾಟರಿ ಚಾರ್ಜ್ ಮಾಡಿ, ಟರ್ಮಿನಲ್ ಉಜ್ಜಿ, ಇಲ್ಲವೇ ಬೇರೆ ಬ್ಯಾಟರಿಯಿಂದ ಜಂಪ್ ಕೊಟ್ಟು ನೋಡಿ. ಅದು ಸರಿಹೋಗುವ ತನಕ ಮುಂದಿನ ಯಾವ ಪರೀಕ್ಷೆಯನ್ನೂ ನಂಬುವ ಹಾಗಿಲ್ಲ.

ಇಂಜಿನ್ ಜೋರಾಗಿಯೇ ತಿರುಗುತ್ತಿದೆ, ಹಿಡಿಯುತ್ತಿಲ್ಲ ಅಂದರೆ ಒಬ್ಬರು ಕೀ ತಿರುಗಿಸಲಿ, ಇನ್ನೊಬ್ಬರು ಹಿಂದೆ ನಿಂತು ಸೈಲೆನ್ಸರ್ ನೋಡಲಿ. ಇಡೀ ಪತ್ತೆಕಾರ್ಯದಲ್ಲಿ ಇಷ್ಟು ಬೆಲೆಬಾಳುವ ಪರೀಕ್ಷೆ ಇನ್ನೊಂದಿಲ್ಲ, ಅದೂ ಯಾವ ಉಪಕರಣವೂ ಇಲ್ಲದೆ. ಬಿಳಿ ಅಥವಾ ಬೂದು ಹೊಗೆ ಬರುತ್ತಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿದೆ, ಆವಿಯಾಗುತ್ತಿದೆ, ಉರಿಯುತ್ತಿಲ್ಲ ಅಷ್ಟೇ. ಮೇಣದ ಮೇಲಿನ ಅನುಮಾನ ಬಿಟ್ಟು ಗ್ಲೋ ಪ್ಲಗ್, ಅದರ ರಿಲೇ, ಫ್ಯೂಸ್, ಅಥವಾ ಒಳಹೋಗುವ ಗಾಳಿಯನ್ನು ಕಾಯಿಸುವ ಇನ್‌ಟೇಕ್ ಹೀಟರ್ ಕಡೆ ಹೋಗಿ. 12 ವೋಲ್ಟಿನ ಸಾಮಾನ್ಯ ಲೋಹದ ಗ್ಲೋ ಪ್ಲಗ್ಗನ್ನು ಮಲ್ಟಿಮೀಟರಿನಲ್ಲಿ ಅಳೆದರೆ ಒಂದು ಓಮ್ ಆಸುಪಾಸು ತೋರಿಸಬೇಕು. ಓಪನ್ (ಕರೆಂಟ್ ಹರಿಯುತ್ತಿಲ್ಲ) ಅಂತ ತೋರಿಸಿದರೆ ಅದು ಸುಟ್ಟಿದೆ.

ಹೊಗೆಯೇ ಇಲ್ಲ? ಡೀಸೆಲ್ ಇಂಜೆಕ್ಟರಿಗೆ ಬರುತ್ತಿಲ್ಲ. ಈಗ ಮೇಣ, ಮಂಜುಗಡ್ಡೆ, ಗಾಳಿ, ಪಂಪ್, ಯಾವುದೂ ಆಗಿರಬಹುದು. ಕಾಮನ್ ರೈಲ್ ಗಾಡಿಗೆ ಸ್ಕ್ಯಾನರ್ ಹಾಕಲು ಸಾಧ್ಯವಿದ್ದರೆ ತಿರುಗಿಸುವಾಗ ರೈಲ್ ಪ್ರೆಶರ್ ನೋಡಿ. ಹೆಚ್ಚಿನ ಇಂಜಿನ್‌ಗಳಿಗೆ ಹಿಡಿಯಲು 200 ಬಾರ್ ಆಸುಪಾಸಾದರೂ ಬೇಕು. ಪಿ0087 ಕೋಡ್ ಬಂದಿದ್ದರೆ ರೈಲಿನಲ್ಲಿ ಒತ್ತಡ ಕಮ್ಮಿ ಅಂತ ಅರ್ಥ. ಆ ಕೋಡ್ ನೋಡಿ ಸೀದಾ ಹೈ ಪ್ರೆಶರ್ ಪಂಪ್ ಬದಲಾಯಿಸಲು ಹೊರಡಬೇಡಿ. ಚಳಿ ದಿನ ಆ ಕೋಡಿನ ಹಿಂದೆ ಕಟ್ಟಿಕೊಂಡ ಫಿಲ್ಟರ್ ಇರುವ ಸಾಧ್ಯತೆಯೇ ಜಾಸ್ತಿ.

ಇನ್ನೊಂದು ಬಗೆ ಇದೆ, ಅದೇ ಮೇಣದ ನಿಜವಾದ ಗುರುತು. ಗಾಡಿ ಸುಲಭವಾಗಿ ಸ್ಟಾರ್ಟ್ ಆಗುತ್ತದೆ. ಸ್ವಲ್ಪ ಹೊತ್ತು ಚೆನ್ನಾಗಿ ಓಡುತ್ತದೆ. ಆಮೇಲೆ ಪಿಕಪ್ ಹೋಗುತ್ತದೆ, ಜರ್ಕ್ ಹೊಡೆಯುತ್ತದೆ, ನಿಲ್ಲುತ್ತದೆ. ಫಿಲ್ಟರಿನಿಂದ ಆಚೆ, ಇಂಜಿನ್ ಕಡೆಯ ಪೈಪಿನಲ್ಲಿದ್ದ ಒಳ್ಳೆಯ ಡೀಸೆಲ್ ಅಷ್ಟು ಹೊತ್ತು ಸಾಕಾಯಿತು. ಅದು ಮುಗಿದ ಮೇಲೆ ಟ್ಯಾಂಕಿನಿಂದ ಬಂದ ಮೇಣ ಫಿಲ್ಟರಿನ ಕಾಗದಕ್ಕೆ ಮೆತ್ತಿಕೊಂಡಿತು. ಐಡ್ಲಿಂಗಿನಲ್ಲಿ ಸರಿಯಾಗಿದ್ದು, ಏರು ಹತ್ತುವಾಗಲೋ ಹೈವೇಯಲ್ಲೋ ಶಕ್ತಿ ಕಳೆದುಕೊಂಡರೆ ಫಿಲ್ಟರ್ ಅರ್ಧ ಕಟ್ಟಿಕೊಂಡಿದೆ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಇಂಜಿನ್ ಬಿಸಿಗೆ ಫಿಲ್ಟರ್ ಕೊಂಚ ಬೆಚ್ಚಗಾಗಿ ಮತ್ತೆ ಸ್ಟಾರ್ಟ್ ಆಗುತ್ತದೆ, ಮತ್ತೆ ನಿಲ್ಲುತ್ತದೆ. ಹೀಗೆ ಆಟ ಆಡಿಸುವ ಗಾಡಿಯನ್ನು ಹೈವೇಗೆ ಒಯ್ಯಬೇಡಿ. ನಡುರಸ್ತೆಯಲ್ಲಿ, ಅದೂ ಆ ಚಳಿಯಲ್ಲಿ ನಿಂತರೆ ಗಾಡಿಗಿಂತ ಒಳಗಿರುವವರಿಗೆ ಅಪಾಯ.

ಜಾಡಿಯಲ್ಲಿ ಹಿಡಿದು ನೋಡಿ

ಫಿಲ್ಟರಿನ ತಳದಲ್ಲಿ ನೀರು ತೆಗೆಯುವ ಡ್ರೈನ್ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿ ಒಂದಿಷ್ಟು ಡೀಸೆಲ್ಲನ್ನು ಸ್ವಚ್ಛವಾದ, ಒಣಗಿದ ಗಾಜಿನ ಜಾಡಿಗೆ ಹಿಡಿಯಿರಿ. ಕೈಗವಸು ಹಾಕಿಕೊಂಡೇ ಮಾಡಿ. ಆ ಚಳಿಯಲ್ಲಿ ಡೀಸೆಲ್ ಚರ್ಮಕ್ಕೆ ತಗುಲಿದರೆ ಕೈ ಮರಗಟ್ಟುವುದು ಬೇಗ.

ಸ್ಕ್ರೂ ತೆಗೆದರೂ ಒಂದು ಹನಿ ಬರಲಿಲ್ಲವಾ? ಅದೂ ಒಂದು ಉತ್ತರವೇ. ತಳ ಕಟ್ಟಿಕೊಂಡಿದೆ, ಮೇಣದಿಂದಲೋ ಮಂಜುಗಡ್ಡೆಯಿಂದಲೋ. ಫಿಲ್ಟರ್ ಬಿಚ್ಚಿ ನೋಡಿ. ಬಿಳಿ, ಮೆತ್ತಗಿನ, ಉಗುರಿನಲ್ಲಿ ಕೆರೆದರೆ ಜಾರುವ ಪದರ ಇದ್ದರೆ ಮೇಣ. ಗಟ್ಟಿ, ಪಾರದರ್ಶಕ, ಒತ್ತಿದರೆ ಪುಡಿಯಾಗುವ ಹರಳು ಇದ್ದರೆ ಮಂಜುಗಡ್ಡೆ.

ಡೀಸೆಲ್ ಬಂದರೆ ಬೆಳಕಿಗೆ ಹಿಡಿಯಿರಿ. ಸ್ಫಟಿಕದ ಹಾಗೆ ತಿಳಿಯಾಗಿದ್ದರೆ ಮೇಣದ ಸಾಧ್ಯತೆ ಕಮ್ಮಿ, ಪಂಪ್, ಗಾಳಿ ಇವುಗಳ ಕಡೆ ನೋಡಬೇಕು. ಮಬ್ಬಾಗಿದ್ದರೆ ಜಾಡಿಯನ್ನು ಬೆಚ್ಚಗಿನ ಜಾಗದಲ್ಲಿ ಒಂದೆರಡು ಗಂಟೆ ಇಡಿ. ಒಲೆ, ಬೆಂಕಿ ಹತ್ತಿರ ಬೇಡ. ಬೆಚ್ಚಗಾದ ಮೇಲೆ ಪೂರ್ತಿ ತಿಳಿಯಾದರೆ ಮಬ್ಬಿಗೆ ಕಾರಣ ಮೇಣ. ಬೆಚ್ಚಗಾದರೂ ಮಬ್ಬು ಹೋಗಲಿಲ್ಲ, ಅಥವಾ ತಳದಲ್ಲಿ ಬೇರೆ ಪದರ ನಿಂತಿತು ಅಂದರೆ ನೀರು. ಎರಡೂ ಒಟ್ಟಿಗೆ ಇರುವುದೂ ಉಂಟು.

ಥರ್ಮಾಮೀಟರ್ ಕೂಡ ಸುಳಿವು ಕೊಡುತ್ತದೆ. ಟ್ಯಾಂಕಿನಲ್ಲಿ ಚಳಿಗಾಲದ ಡೀಸೆಲ್ ಇದೆ, ಹೊರಗೆ ಬರೀ ಮೈನಸ್ 2 ಅಥವಾ 3, ಆದರೂ ಗಾಡಿ ನಿಂತಿತು ಅಂದರೆ ನೀರಿನ ಮೇಲೆ ಅನುಮಾನ ಪಡಿ. ಬೇಸಿಗೆಯಲ್ಲಿ ತುಂಬಿಸಿದ ಡೀಸೆಲ್, ಹೊರಗೆ ಮೈನಸ್ 12 ಅಂದರೆ ಹೆಚ್ಚು ಯೋಚಿಸಬೇಕಾಗಿಲ್ಲ. ಬೆಚ್ಚಗಿನ ಊರಲ್ಲಿ ಫುಲ್ ಟ್ಯಾಂಕ್ ಮಾಡಿಸಿ ಒಂದೇ ದಿನದಲ್ಲಿ ಬೆಟ್ಟದ ಮೇಲೆ ಹೋಗಿ ರಾತ್ರಿ ಗಾಡಿ ನಿಲ್ಲಿಸಿದವರಿಗೂ ಇದೇ ಮಾತು.

ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು "ಡೀಸೆಲ್ ಚೆನ್ನಾಗೇ ಇದೆ" ಅನ್ನುವವರು ಮೋಸಹೋಗುವುದು ಇಲ್ಲಿ. ಗಾಡಿ ಕೆಲವು ದಿನ ಕ್ಲೌಡ್ ಪಾಯಿಂಟಿಗಿಂತ ಕೆಳಗಿನ ಚಳಿಯಲ್ಲಿ ಅಲ್ಲಾಡದೆ ನಿಂತಿದ್ದರೆ ಮೇಣ ನಿಧಾನವಾಗಿ ತಳಕ್ಕೆ ಇಳಿಯುತ್ತದೆ. ಮೇಲೆ ತಿಳಿ ಡೀಸೆಲ್, ಕೆಳಗೆ ಮೇಣದ ಗಸಿ. ಇಂಜಿನ್ ಎಳೆಯುವ ಪೈಪಿನ ಬಾಯಿ ಇರುವುದು ತಳದಲ್ಲೇ.

ಗಾಳಿ ಎಳೆಯುತ್ತಿರಬಹುದು ಅನಿಸಿದರೆ ಫಿಲ್ಟರ್ ಮತ್ತು ಪಂಪಿನ ನಡುವೆ ಒಂದು ತುಂಡು ಪಾರದರ್ಶಕ ಪೈಪ್ ಹಾಕಿ ನೋಡಿ. ಗುಳ್ಳೆ ಸಾಲಾಗಿ ಓಡುತ್ತಿದ್ದರೆ ಎಲ್ಲೋ ಜಾಯಿಂಟ್ ಸಡಿಲವಿದೆ. ಚಳಿಗೆ ಗಟ್ಟಿಯಾದ ರಬ್ಬರ್ ಕ್ಲಿಪ್ಪಿನ ಕೆಳಗೆ ಕುಗ್ಗುತ್ತದೆ, ಬೆಚ್ಚಗಾದರೆ ಸರಿಯಾಗುತ್ತದೆ. ಅದಕ್ಕೇ ಈ ತೊಂದರೆಯೂ ಮಧ್ಯಾಹ್ನಕ್ಕೆ ತಾನೇ ಮಾಯವಾಗಿ, ಮೇಣವೇ ಇತ್ತು ಅಂತ ನಂಬಿಸಿಬಿಡುತ್ತದೆ.

ಸುಮ್ನೆ ಒಂದು ಮಾತು. ಡಿಇಎಫ್ ಅಥವಾ ಆಡ್‌ಬ್ಲೂ ಅಂತ ಬೇರೆ ಟ್ಯಾಂಕ್ ಇರುವ ಗಾಡಿಗಳಲ್ಲಿ ಆ ದ್ರಾವಣ ಮೈನಸ್ 11 ಡಿಗ್ರಿಗೆ ಗಡ್ಡೆಯಾಗುತ್ತದೆ. ಅದು ಹೊಗೆ ಶುದ್ಧ ಮಾಡಲು ಬಳಸುವ ಯೂರಿಯಾ ಬೆರೆತ ನೀರು, ಇಂಧನ ಅಲ್ಲ. ಅದು ಗಡ್ಡೆಯಾಯಿತು ಅಂತ ಇಂಜಿನ್ ಹಿಡಿಯದೇ ಇರುವುದಿಲ್ಲ, ಅದನ್ನು ಕರಗಿಸಲು ಗಾಡಿಯಲ್ಲೇ ಹೀಟರ್ ಇರುತ್ತದೆ. ಡೀಸೆಲ್ಲಿಗೆ ಹಾಕುವ ಯಾವುದನ್ನೂ ಆ ಟ್ಯಾಂಕಿಗೆ ಹಾಕಬೇಡಿ, ಆ ದ್ರಾವಣವನ್ನು ಡೀಸೆಲ್ಲಿಗಂತೂ ಹಾಕಲೇಬೇಡಿ.

ಮೇಣ ಅಂತ ಖಚಿತವಾದ ಮೇಲೆ

ಮೊದಲು ಸೆಲ್ಫ್ ಹೊಡೆಯುವುದು ನಿಲ್ಲಿಸಿ. ಹೈ ಪ್ರೆಶರ್ ಪಂಪಿನ ಒಳಗಿನ ಭಾಗಗಳಿಗೆ ಜಾರಿಕೆ ಕೊಡುವುದು ಡೀಸೆಲ್ಲೇ. ಡೀಸೆಲ್ ಬಾರದೆ ಒಣಗಿದ ಪಂಪ್ ತಿರುಗಿಸಿದರೆ ಲೋಹ ಸವೆಯುತ್ತದೆ, ಆ ಪುಡಿ ಇಂಜೆಕ್ಟರ್ ತನಕ ಹೋಗುತ್ತದೆ. ಆಗ ಬರುವ ಖರ್ಚಿನ ಮುಂದೆ ಫಿಲ್ಟರ್ ಯಾವ ಲೆಕ್ಕ!

ಔಷಧಿ ಒಂದೇ, ಬಿಸಿ. ಎಷ್ಟು ನಿಧಾನವೋ ಅಷ್ಟು ಒಳ್ಳೆಯದು. ಗಾಡಿಯನ್ನು ತಳ್ಳಿಯೋ ಎಳೆದೋ ಬೆಚ್ಚಗಿನ ಶೆಡ್ಡಿಗೆ ಹಾಕಲು ಆಗುವುದಾದರೆ ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಕಾರಿಗೆ ಕೆಲವು ಗಂಟೆ ಸಾಕಾಗಬಹುದು. ನೂರಾರು ಲೀಟರ್ ಹಿಡಿಯುವ ಲಾರಿ ಟ್ಯಾಂಕಿಗೆ ಇಡೀ ದಿನ ಬೇಕಾದರೂ ಆಶ್ಚರ್ಯ ಇಲ್ಲ. ಕರಗಿತು ಅಂತ ಅವಸರ ಮಾಡಬೇಡಿ. ಮೇಣ ಹುಟ್ಟಿದ ತಾಪಮಾನಕ್ಕೇ ವಾಪಸ್ ಬಂದರೆ ಅದು ಪೂರ್ತಿ ಕರಗುವುದಿಲ್ಲ. ಅದಕ್ಕಿಂತ ಹಲವು ಡಿಗ್ರಿ ಮೇಲೆ ಹೋಗಿ, ಸ್ವಲ್ಪ ಅಲುಗಾಡಿ, ಮತ್ತೆ ಡೀಸೆಲ್ಲಿನಲ್ಲಿ ಬೆರೆಯಬೇಕು.

ಶೆಡ್ ಇಲ್ಲ ಅಂದರೆ ಫಿಲ್ಟರಿನಿಂದ ಶುರು ಮಾಡಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿ, ಆರಿದ ಹಾಗೆ ಬದಲಾಯಿಸುತ್ತಿರಿ. ಕೂದಲು ಒಣಗಿಸುವ ಡ್ರೈಯರ್ ಕೂಡ ಆಗುತ್ತದೆ. ವೈರಿಂಗ್ ಕನೆಕ್ಟರಿಗೆ ನೀರು ಹೋಗದಂತೆ ನೋಡಿಕೊಳ್ಳಿ. ಫಿಲ್ಟರ್ ಆದ ಮೇಲೆ ಟ್ಯಾಂಕಿನಿಂದ ಬರುವ ಪೈಪ್, ಅದರಲ್ಲೂ ತಗ್ಗಿನಲ್ಲಿ ಬಾಗಿದ ಜಾಗಗಳು. ಹಾಗಂತ ಟ್ಯಾಂಕ್ ಮರೆತರೆ ಪ್ರಯೋಜನ ಇಲ್ಲ. ಫಿಲ್ಟರ್ ಕರಗಿ ಗಾಡಿ ಸ್ಟಾರ್ಟ್ ಆದರೂ ಟ್ಯಾಂಕಿನ ಮೇಣ ಬಂದು ಮತ್ತೆ ಕಟ್ಟುತ್ತದೆ.

ಹೊಸ ಫಿಲ್ಟರ್ ಹಾಕುವುದು ತುಂಬಾ ಸಲ ಬೇಗ ಮುಗಿಯುವ ದಾರಿ. ಹಾಕುವ ಫಿಲ್ಟರ್ ಬೆಚ್ಚಗಿನ ಕೋಣೆಯಲ್ಲಿ ಇದ್ದದ್ದಾಗಿರಲಿ. ಹಳೆಯ ಮೆಕ್ಯಾನಿಕಲ್ ಪಂಪಿನ ಇಂಜಿನ್ ಆದರೆ ಬೆಚ್ಚಗಿನ ಶುದ್ಧ ಡೀಸೆಲ್ ತುಂಬಿಸಿಯೇ ಫಿಲ್ಟರ್ ಕೂರಿಸಿ, ಹ್ಯಾಂಡ್ ಪ್ರೈಮರ್ (ಕೈಯಿಂದ ಒತ್ತಿ ಡೀಸೆಲ್ ತುಂಬಿಸುವ ಪುಟ್ಟ ಪಂಪ್) ಒತ್ತಿ, ಬ್ಲೀಡ್ ಸ್ಕ್ರೂ ಸಡಿಲಿಸಿ ಏರ್ ತೆಗೆಯಬಹುದು. ಕಾಮನ್ ರೈಲಿಗೆ ಹಾಗೆ ಸುರಿಯಬೇಡಿ. ಫಿಲ್ಟರಿನ ನಡುವಿನ ತೂತು ಶುದ್ಧವಾದ ಕಡೆಯದು, ಅಲ್ಲಿ ಸುರಿದ ಡೀಸೆಲ್ಲಿನ ಕಸ ಸೀದಾ ಪಂಪಿಗೆ ಹೋಗುತ್ತದೆ. ಟ್ಯಾಂಕಿನಲ್ಲಿ ಎಲೆಕ್ಟ್ರಿಕ್ ಪಂಪ್ ಇದ್ದರೆ ಕೀಯನ್ನು ಆನ್ ಆಫ್ ಮಾಡಿ ಅದೇ ತುಂಬಿಕೊಳ್ಳಲು ಬಿಡಿ, ಇಲ್ಲದಿದ್ದರೆ ಹ್ಯಾಂಡ್ ಪ್ರೈಮರ್ ಒತ್ತಿ. ಏರ್ ತೆಗೆಯಲು ಅಂತ ಕಾಮನ್ ರೈಲಿನ ಹೈ ಪ್ರೆಶರ್ ಪೈಪಿನ ನಟ್ಟನ್ನು ಸಡಿಲಿಸುವ ಹಳೆಯ ಅಭ್ಯಾಸ ಬಿಡಲೇಬೇಕು. ಅಲ್ಲಿ ಒತ್ತಡ ಸಾವಿರದಿಂದ ಎರಡು ಸಾವಿರ ಬಾರ್ ತನಕ ಹೋಗುತ್ತದೆ. ಕಣ್ಣಿಗೆ ಕಾಣದಷ್ಟು ತೆಳ್ಳಗೆ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹಾಗಾದರೆ ಅದು ಆಸ್ಪತ್ರೆಗೆ ಓಡಬೇಕಾದ ಗಾಯ, ಬ್ಯಾಂಡೇಜ್ ಸುತ್ತಿ ಕೂರುವ ಗಾಯ ಅಲ್ಲ.

ಅಂಗಡಿಯಲ್ಲಿ ಸಿಗುವ ಬಾಟಲಿಗಳಲ್ಲಿ ಎರಡು ಜಾತಿ ಇದೆ, ಇಲ್ಲೇ ಜನ ಎಡವುವುದು. ಆಂಟಿ ಜೆಲ್ ಅನ್ನುವುದು ಮುಂಜಾಗ್ರತೆಗೆ. ಅದು ಮೇಣ ಹರಳಾಗುವಾಗ ಹರಳಿನ ಮೇಲೆ ಕೂತು, ಅಗಲವಾದ ತಟ್ಟೆಗಳ ಬದಲು ಸಣ್ಣ ಸಣ್ಣ ಹರಳಾಗುವಂತೆ ಮಾಡುತ್ತದೆ. ಸಣ್ಣ ಹರಳುಗಳ ಸಂದಿಯಲ್ಲಿ ಡೀಸೆಲ್ ಸಾಗುತ್ತದೆ. ಆಗಲೇ ಕಟ್ಟಿಕೊಂಡ ಮೇಣವನ್ನು ಅದು ಕರಗಿಸುವುದಿಲ್ಲ. ಕಟ್ಟಿಕೊಂಡ ಟ್ಯಾಂಕಿಗೆ ಎರಡು ಬಾಟಲಿ ಆಂಟಿ ಜೆಲ್ ಸುರಿದು ಕಾಯುತ್ತಾ ಕೂತರೆ ಏನೂ ಆಗಲ್ಲ. ಕರಗಿಸಲು ದ್ರಾವಕ ಇರುವ ಬೇರೆ ತುರ್ತು ಬಾಟಲಿ ಬರುತ್ತದೆ. ಅದರ ಮೇಲೆ ಬರೆದ ಪ್ರಮಾಣದಲ್ಲಿ, ಬರೆದ ಕ್ರಮದಲ್ಲಿ ಬಳಸಿದರೆ ಸಹಾಯ ಆಗುತ್ತದೆ, ಬಿಸಿಯ ಜೊತೆಗೆ. ಬಿಸಿಗೆ ಬದಲಾಗಿ ಅಲ್ಲ.

ಟ್ಯಾಂಕಿನ ಕೆಳಗೆ ಕಟ್ಟಿಗೆ ಬೆಂಕಿ, ಬ್ಲೋ ಲ್ಯಾಂಪ್ ಹಿಡಿಯುವುದು ಈಗಲೂ ಕಾಣಸಿಗುತ್ತದೆ. ಡೀಸೆಲ್ ಪೆಟ್ರೋಲಿನಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ನಿಜ. ಆದರೆ 55 ಡಿಗ್ರಿ ಆಸುಪಾಸಿನಿಂದ ಅದರ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳಬಹುದು, ಬೆಂಕಿ ತಾಗಿದ ಟ್ಯಾಂಕಿನ ಮೈ ಅದಕ್ಕಿಂತ ಎಷ್ಟೋ ಬಿಸಿಯಾಗುತ್ತದೆ. ಈಗಿನ ಟ್ಯಾಂಕ್, ಪೈಪ್‌ಗಳಲ್ಲಿ ಹಲವು ಪ್ಲಾಸ್ಟಿಕ್. ಹಾಗೆಯೇ ಗ್ಲೋ ಪ್ಲಗ್ ಅಥವಾ ಇನ್‌ಟೇಕ್ ಹೀಟರ್ ಇರುವ ಇಂಜಿನ್ನಿಗೆ ಈಥರ್ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಬೇಡಿ. ಕೆಂಪಗೆ ಕಾದ ಪ್ಲಗ್ಗಿಗೆ ಅದು ತಗುಲಿದರೆ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ ಒಡೆಯಬಹುದು. ಅಷ್ಟಕ್ಕೂ ಡೀಸೆಲ್ಲೇ ಬರದ ಇಂಜಿನ್ನಿಗೆ ಸ್ಪ್ರೇ ಯಾಕೆ?

ಗಾಡಿ ಹಿಡಿದ ಮೇಲೆ ರೇಸ್ ಮಾಡಬೇಡಿ. ಕಾಲು ಗಂಟೆಯಾದರೂ ಐಡ್ಲಿಂಗಿನಲ್ಲಿ ಬಿಡಿ, ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಮಾತ್ರ ಬೇಡ. ಪಂಪ್ ಎಳೆದ ಡೀಸೆಲ್ ಎಲ್ಲವೂ ಉರಿಯುವುದಿಲ್ಲ, ಒಂದಷ್ಟು ರಿಟರ್ನ್ ಪೈಪಿನಲ್ಲಿ ಬಿಸಿಯಾಗಿ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ನಿಧಾನವಾಗಿ ಟ್ಯಾಂಕ್ ಬೆಚ್ಚಗಾಗುವುದು ಅದರಿಂದಲೇ.

ನೀರು ಗಡ್ಡೆಯಾಗಿದ್ದರೆ

ಇಲ್ಲೂ ಬಿಸಿಯೇ, ಆದರೆ ಕರಗಿಸಿ ಸುಮ್ಮನಾದರೆ ಆಗಲಿಲ್ಲ. ಕರಗಿದ ನೀರನ್ನು ಡ್ರೈನ್ ಸ್ಕ್ರೂನಿಂದ ಶುದ್ಧ ಡೀಸೆಲ್ ಬರುವ ತನಕ ಹೊರಹಾಕಬೇಕು. ಇಲ್ಲದಿದ್ದರೆ ನಾಳೆ ಬೆಳಗ್ಗೆ ಅದೇ ಕಥೆ. ನೀರು ಕುಡಿದ ಫಿಲ್ಟರ್ ಕಾಗದವನ್ನು ಉಳಿಸಿಕೊಳ್ಳಲು ಹೋಗಬೇಡಿ, ಬದಲಾಯಿಸಿ. ಆಲ್ಕೋಹಾಲ್ ಸುರಿದರೆ ಗಡ್ಡೆ ಕರಗುತ್ತದೆ ಅಂತ ಹೇಳುವವರಿದ್ದಾರೆ. ಕರಗುತ್ತದೆ, ಆದರೆ ಆ ನೀರು ಡೀಸೆಲ್ ಜೊತೆ ಬೆರೆತು ನೀರು ಬೇರ್ಪಡಿಸುವ ಸೆಪರೇಟರನ್ನು ದಾಟಿ ಪಂಪಿಗೆ ಹೋಗಬಹುದು. ನಿಮ್ಮ ಇಂಜಿನ್ ಕೈಪಿಡಿ ಒಪ್ಪದಿದ್ದರೆ ಆ ಕಡೆ ಹೋಗಬೇಡಿ.

ಹೀಟರ್ ಕೆಲಸ ಮಾಡ್ತಿದೆಯಾ

ಚಳಿ ನಾಡಿಗೆ ಮಾಡಿದ ಗಾಡಿಗಳಲ್ಲಿ ಫಿಲ್ಟರಿನ ತಲೆಯಲ್ಲೇ ಪುಟ್ಟ ಎಲೆಕ್ಟ್ರಿಕ್ ಹೀಟರ್ ಇರುತ್ತದೆ. ಹಿಂದಿನ ಚಳಿಗಾಲ ಆರಾಮಾಗಿ ಕಳೆದ ಗಾಡಿ, ಅದೇ ಡೀಸೆಲ್, ಅಷ್ಟೇ ಚಳಿ, ಈ ಸಲ ಮಾತ್ರ ನಿಲ್ಲುತ್ತಿದೆ ಅಂದರೆ ಮೊದಲು ಅದರ ಫ್ಯೂಸ್, ಆಮೇಲೆ ಕನೆಕ್ಟರ್ ನೋಡಿ. ಬೇಸಿಗೆಯೆಲ್ಲ ಕೆಲಸವಿಲ್ಲದೆ ಕೂತ ಪಿನ್‌ಗಳಿಗೆ ತುಕ್ಕು ಹಿಡಿದಿರುತ್ತದೆ, ಯಾರ ಗಮನಕ್ಕೂ ಬಂದಿರುವುದಿಲ್ಲ. ಇನ್ನು ಕೆಲವು ಇಂಜಿನ್‌ಗಳಲ್ಲಿ ಹೀಟರ್ ಬದಲು ಒಂದು ಥರ್ಮೋ ವಾಲ್ವ್ ಇರುತ್ತದೆ. ಡೀಸೆಲ್ ತಣ್ಣಗಿರುವಾಗ ಅದು ಬಿಸಿ ರಿಟರ್ನ್ ಡೀಸೆಲ್ಲನ್ನು ಟ್ಯಾಂಕಿಗೆ ಬಿಡದೆ ಮತ್ತೆ ಫಿಲ್ಟರಿಗೇ ತಿರುಗಿಸುತ್ತದೆ. ಆ ವಾಲ್ವ್ ಸಿಕ್ಕಿಹಾಕಿಕೊಂಡರೂ, ಫಿಲ್ಟರ್ ಬದಲಾಯಿಸುವಾಗ ಅದನ್ನು ಹಾಕಲು ಮರೆತರೂ ಫಿಲ್ಟರ್ ತಣ್ಣಗೇ ಉಳಿಯುತ್ತದೆ. ಇಂಜಿನ್ನಿನ ಬ್ಲಾಕ್ ಹೀಟರನ್ನು ಇದರ ಜೊತೆ ಬೆರೆಸಬೇಡಿ. ಅದು ಬೆಚ್ಚಗೆ ಮಾಡುವುದು ಕೂಲೆಂಟನ್ನು. ಇಂಜಿನ್ ಸಲೀಸಾಗಿ ತಿರುಗುತ್ತದೆ, ಟ್ಯಾಂಕಿನ ಮೇಣ ಇದ್ದಲ್ಲೇ ಇರುತ್ತದೆ.

ಮತ್ತೆ ಕಟ್ಟದ ಹಾಗೆ

ಚಳಿಗಾಲದ ಡೀಸೆಲ್ ತುಂಬಿಸುವುದೇ ಮುಖ್ಯ, ಉಳಿದದ್ದೆಲ್ಲ ಆಮೇಲೆ. ಯುರೋಪಿನ ಇಎನ್ 590 ಮಾನದಂಡದಲ್ಲಿ ಇದಕ್ಕೆ ದರ್ಜೆಗಳಿವೆ. ಎ ದರ್ಜೆಯ ಸಿಎಫ್‌ಪಿಪಿ +5 ಡಿಗ್ರಿ. ಅಲ್ಲಿಂದ ಐದೈದು ಡಿಗ್ರಿ ಇಳಿದು ಎಫ್ ದರ್ಜೆಗೆ ಮೈನಸ್ 20. ಅದರಾಚೆ ತೀವ್ರ ಚಳಿಗೆ ಆರ್ಕ್ಟಿಕ್ ದರ್ಜೆಗಳು ಬೇರೆ, 0ಯಿಂದ 4ರ ತನಕ, ಸಿಎಫ್‌ಪಿಪಿ ಮೈನಸ್ 20ರಿಂದ ಮೈನಸ್ 44ರವರೆಗೆ. ಉತ್ತರ ಅಮೆರಿಕದಲ್ಲಿ ನಂಬರ್ 2 ಡೀಸೆಲ್ಲಿಗೆ ಸೀಮೆಎಣ್ಣೆಯಂಥ ತೆಳು ನಂಬರ್ 1 ಡೀಸೆಲ್ ಬೆರೆಸುವ ರೂಢಿ.

ಈ ಸಂಖ್ಯೆ ಓದುವಾಗ ಒಂದು ಎಚ್ಚರ. ಆರ್ಕ್ಟಿಕ್ 2ನೇ ದರ್ಜೆಯಲ್ಲಿ ಸಿಎಫ್‌ಪಿಪಿ ಮೈನಸ್ 32 ಇದ್ದರೂ ಕ್ಲೌಡ್ ಪಾಯಿಂಟಿನ ಮಿತಿ ಮೈನಸ್ 22. ಅಂದರೆ ಮೈನಸ್ 28ರಲ್ಲಿ ದಿನಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ಮೇಣ ಹುಟ್ಟಿ ತಳ ಸೇರಬಹುದು. ಆಂಟಿ ಜೆಲ್ ಕೂಡ ಇಳಿಸುವುದು ಸಿಎಫ್‌ಪಿಪಿಯನ್ನು, ಕ್ಲೌಡ್ ಪಾಯಿಂಟನ್ನಲ್ಲ. ದಿನವೂ ಓಡುವ ಗಾಡಿಗೆ ಸಿಎಫ್‌ಪಿಪಿ ನೋಡಿದರೆ ನಡೆಯುತ್ತದೆ. ನಿಂತೇ ಇರುವ ಗಾಡಿಗೆ ಕ್ಲೌಡ್ ಪಾಯಿಂಟನ್ನೇ ನೋಡಿ.

ಆಂಟಿ ಜೆಲ್ ಹಾಕುವುದಾದರೆ ಡೀಸೆಲ್ ಇನ್ನೂ ತಿಳಿಯಾಗಿ, ಬೆಚ್ಚಗಿರುವಾಗಲೇ ಹಾಕಬೇಕು. ಮೊದಲು ಟ್ಯಾಂಕಿಗೆ ಬಾಟಲಿ, ಅದರ ಮೇಲೆ ಡೀಸೆಲ್ ತುಂಬಿಸಿದರೆ ಚೆನ್ನಾಗಿ ಬೆರೆಯುತ್ತದೆ. ಆಮೇಲೆ ಸ್ವಲ್ಪ ದೂರ ಓಡಿಸಿ, ಫಿಲ್ಟರಿನಲ್ಲಿ ಉಳಿದ ಹಳೆಯ ಡೀಸೆಲ್ ಜಾಗಕ್ಕೆ ಹೊಸದು ಬರಲಿ. ಜಾಸ್ತಿ ಹಾಕಿದರೆ ಜಾಸ್ತಿ ಗುಣ ಅಂತೇನಿಲ್ಲ.

ಸೀಮೆಎಣ್ಣೆ ಬೆರೆಸುವುದು ಹಳೆಯ ಉಪಾಯ, ಕೆಲಸವನ್ನೂ ಮಾಡುತ್ತದೆ. ಆದರೆ ಶೇಕಡಾ 10 ಬೆರೆಸಿದರೆ ಕ್ಲೌಡ್ ಪಾಯಿಂಟ್ ಇಳಿಯುವುದು ಒಂದೆರಡು ಡಿಗ್ರಿ ಅಷ್ಟೇ. ಅದಕ್ಕೆ ಜಾರಿಕೆ ಕಮ್ಮಿ, ದೀಪ ಉರಿಸುವ ಸೀಮೆಎಣ್ಣೆಯಲ್ಲಿ ಗಂಧಕ ಜಾಸ್ತಿ. ಈಗಿನ ಡೀಸೆಲ್ಲಿನ ಗಂಧಕದ ಮಿತಿ ಯುರೋಪಿನಲ್ಲಿ 10 ಪಿಪಿಎಂ, ಅಮೆರಿಕದಲ್ಲಿ 15. ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಪಾರ್ಟಿಕ್ಯುಲೇಟ್ ಫಿಲ್ಟರ್ ಇರುವ ಗಾಡಿಗೆ ಜಾಸ್ತಿ ಗಂಧಕ ವಿಷ. ಹಲವು ದೇಶಗಳಲ್ಲಿ ತೆರಿಗೆಯ ಕಾರಣಕ್ಕೆ ರಸ್ತೆ ಗಾಡಿಗೆ ಸೀಮೆಎಣ್ಣೆ ಹಾಕುವುದು ಅಪರಾಧ ಕೂಡ. ಹಳೆಯ ಟ್ರ್ಯಾಕ್ಟರಿಗೆ ಅದರ ಕೈಪಿಡಿ ಒಪ್ಪಿದರೆ ಸರಿ, ಕಾಮನ್ ರೈಲಿಗೆ ನಾನಂತೂ ಬೇಡ ಅನ್ನುತ್ತೇನೆ. ಪೆಟ್ರೋಲ್ ಬೆರೆಸುವ ಮಾತೇ ಬೇಡ.

ಬಯೋಡೀಸೆಲ್ ಬೆರೆತ ಇಂಧನ ಆದರೆ ಇನ್ನಷ್ಟು ಜಾಗ್ರತೆ ಬೇಕು. ಶುದ್ಧ ಸೋಯಾ ಬಯೋಡೀಸೆಲ್ ಸೊನ್ನೆ ಡಿಗ್ರಿ ಆಸುಪಾಸಿನಲ್ಲೇ ಮಬ್ಬಾಗುತ್ತದೆ, ತಾಳೆ ಎಣ್ಣೆಯದು ಹತ್ತು ಡಿಗ್ರಿಗಿಂತ ಮೇಲೆಯೇ. ಅದರಲ್ಲಿ ಪೂರ್ತಿ ಬದಲಾಗದೆ ಉಳಿದ ಕೊಬ್ಬಿನ ಅಂಶಗಳಾದ ಮೊನೊಗ್ಲಿಸರೈಡ್‌ಗಳು ಒಮ್ಮೆ ಹೊರಬಿದ್ದರೆ ಸುಲಭವಾಗಿ ವಾಪಸ್ ಕರಗುವುದಿಲ್ಲ. ಗಾಡಿ ಬೆಚ್ಚಗಾದರೂ ಫಿಲ್ಟರ್ ಬಿಡುವುದೇ ಇಲ್ಲ ಅನ್ನುವ ವಿಚಿತ್ರ ಲಕ್ಷಣ ಕಂಡರೆ ಅನುಮಾನ ಇವುಗಳ ಮೇಲೆ. ಅದಕ್ಕೆ ಫಿಲ್ಟರ್ ಬದಲಾಯಿಸುವುದೇ ದಾರಿ.

ನಿಮ್ಮ ಟ್ಯಾಂಕಿನ ಡೀಸೆಲ್ ಎಷ್ಟು ಚಳಿ ತಡೆಯುತ್ತದೆ ಅಂತ ಮೊದಲೇ ತಿಳಿಯುವ ಆಸೆ ಇದ್ದರೆ, ಒಂದಿಷ್ಟನ್ನು ಮುಚ್ಚಳವಿರುವ ಗಾಜಿನ ಜಾಡಿಯಲ್ಲಿ ತುಂಬಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ರಾತ್ರಿ ಗಾಡಿಯ ಪಕ್ಕದಲ್ಲೇ ಬಿಡಿ. ಬೆಳಗ್ಗೆ ಅದು ಮಬ್ಬಾಗಿದ್ದರೆ ಗಾಡಿಗೆ ಕೈ ಹಾಕುವ ಮೊದಲೇ ನಿಮಗೆ ವಿಷಯ ಗೊತ್ತಾಗಿರುತ್ತದೆ.

ಕೊನೆಯದಾಗಿ ಜನರೇಟರ್. ಚಳಿಗೆ ಅತಿ ಹೆಚ್ಚು ಕೈಕೊಡುವುದು ಇದೇ, ಯಾಕೆಂದರೆ ಅದರ ಟ್ಯಾಂಕಿನಲ್ಲಿ ಇರುವುದು ಬೇಸಿಗೆಯಲ್ಲಿ ತುಂಬಿಸಿಟ್ಟ ಡೀಸೆಲ್. ತಿಂಗಳಿಗೊಮ್ಮೆ ಹತ್ತು ನಿಮಿಷ ಖಾಲಿ ಓಡಿಸಿ ನೋಡಿದರೆ ಈ ದೋಷ ಸಿಕ್ಕಿಬೀಳುವುದಿಲ್ಲ. ಲೋಡ್ ಇಲ್ಲದಾಗ ಅದು ಎಳೆಯುವ ಡೀಸೆಲ್ ಕಮ್ಮಿ, ಅರ್ಧ ಕಟ್ಟಿದ ಫಿಲ್ಟರೂ ಅಷ್ಟನ್ನು ಬಿಡುತ್ತದೆ. ಕರೆಂಟ್ ಹೋಗಿ ಪೂರ್ತಿ ಲೋಡ್ ಬಿದ್ದಾಗ ನಿಲ್ಲುತ್ತದೆ. ಹಾಗಾಗಿ ಚಳಿ ಶುರುವಾಗುವ ಮೊದಲು ಹಳೆಯ ಡೀಸೆಲ್ಲನ್ನು ಆದಷ್ಟು ಓಡಿಸಿ ಖಾಲಿ ಮಾಡಿ, ತಳದ ನೀರು ತೆಗೆದು, ಚಳಿಗಾಲದ ಡೀಸೆಲ್ ತುಂಬಿಸಿ, ಲೋಡ್ ಹಾಕಿ ಓಡಿಸಿ ನೋಡಿ. ಇಂಜಿನ್ ಕೋಣೆಯ ಒಳಗಿದ್ದು ಟ್ಯಾಂಕ್ ಹೊರಗಿದ್ದರೆ ಎರಡರ ನಡುವಿನ ಪೈಪಿಗೆ ಇನ್ಸುಲೇಶನ್ ಸುತ್ತಿ, ಬಿಡಿ ಫಿಲ್ಟರ್ ಒಂದನ್ನು ಕೋಣೆಯ ಒಳಗೆ ಬೆಚ್ಚಗಿನ ಜಾಗದಲ್ಲಿ ಇಟ್ಟಿರಿ.